ಸಮುದ್ರದಲ್ಲಿ ಹೂಳಿದ ಮನುಷ್ಯ

ಧಾರಾವಿ, ಮುಂಬೈ
12 ಜನವರಿ 2024

ಅಕ್ಕಾ,

ಹೊತ್ತಿಗೆ ಊಟ, ಹೊತ್ತಿಗೆ ಕೆಲಸ, ನಾನು ಆರಾಮ ಇದ್ದೇನೆ. ನಿನ್ನ ಕಿವಿ ಹೇಗಿದೆ? ತೊಗಲು ನೆನೆಸುವ ಹೊಂಡದ ಹತ್ತಿರ ನೀನು ಜಾರಿ ಬಿದ್ದಾಗಿನಿಂದ ಫೋನಿನಲ್ಲಿ ನಿನಗೆ ಮಾತು ಕೇಳುವುದಿಲ್ಲ. ಕಾಶಿನಾಥ ಮಾವನ ಫೋನಿಗೆ ಮೆಸೇಜು ಹಾಕಿದರೆ ನಿನಗಿಂತ ಮೊದಲು ಓಣಿಯವರು ಓದುತ್ತಾರೆ. ಅದಕ್ಕೇ ಈ ಪತ್ರಗಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ಇಷ್ಟು ಬರೆಯುತ್ತಾನೆಂದರೆ ನಮ್ಮ ಗುರುಗಳು ನಂಬುವುದಿಲ್ಲ. ಏನು ಮಾಡಲಿ, ನನಗೆ ಬಾಯಿಂದ ಬರದ ಮಾತು ಕೈಯಿಂದ ಬರುತ್ತದೆ.

ಹಳೆಯ ಸೇಠನ ಕೆಲಸ ಬಿಟ್ಟೆ. ಅದೇ ಗಲ್ಲಿಯಲ್ಲಿ ಅವನ ಎದುರಿನ ಗಾಳೆಯಲ್ಲಿ ಈಗ ಬೆಲ್ಟು, ಬ್ಯಾಗು ಹೊಲಿಯುತ್ತೇನೆ. ಗಾಳೆ ಎಂದರೆ ಒಂದು ಖೋಲಿ, ಆರು ಮಂದಿ, ಎರಡು ಮಷೀನು. ಹಳೆಯ ಸೇಠ ಈಗಲೂ ರೂಢಿಯ ಮೇಲೆ, ನಾನು ಕನ್ನಡದವನೆಂದು, "ಏ ಕಾನಡೀ" ಎಂದು ಕೂಗುತ್ತಾನೆ. ನನ್ನ ಕಾಲುಗಳು ಎದ್ದೇಬಿಡುತ್ತವೆ. ಬಾಗಿಲವರೆಗೆ ಹೋದ ಮೇಲೆ ನೆನಪಾಗುತ್ತದೆ, ನಾನು ಈಗ ಅವನ ಆಳಲ್ಲ. ನಮ್ಮ ಗಾಳೆಯ ಅಮೋಲ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. "ಪಗಾರ್ ಇಧರ್, ಪಾಂವ್ ಉಧರ್", ಸಂಬಳ ಇಲ್ಲಿ, ಕಾಲು ಅಲ್ಲಿ, ಎನ್ನುತ್ತಾನೆ.

ಪ್ರಾರ್ಥನೆಗೆ ಹೋಗುತ್ತಿದ್ದೇನೆಂದು ದೀಪಾವಳಿಗೆ ಬರೆದಿದ್ದೆ. ಕುಡಿಯುವುದು ಬಿಟ್ಟಿದ್ದರೆ ಯಾವ ದೇವರಾದರೇನು ಎಂದು ನೀನು ಉತ್ತರ ಬರೆದೆ. ಬಿಟ್ಟಿದ್ದೇನೆ ಅಕ್ಕಾ. ಡಿಸೆಂಬರಿನ ಕೊನೆಯ ಭಾನುವಾರ ನನ್ನ ದೀಕ್ಷಾಸ್ನಾನ ಆಯಿತು. ನಾವು ಹನ್ನೊಂದು ಮಂದಿ ಬೋರಿವಲಿಯವರೆಗೆ ಲೋಕಲ್ಲಿನಲ್ಲಿ ಹೋಗಿ, ದೋಣಿ ಹತ್ತಿ, ಗೊರಾಯಿಯ ಸಮುದ್ರ ಮುಟ್ಟಿದೆವು. ಮುಂಬೈಗೆ ಬಂದು ಮೂರು ವರ್ಷವಾಗುತ್ತ ಬಂದರೂ ನಾನು ಸಮುದ್ರದ ಒಳಗೆ ಕಾಲಿಟ್ಟಿರಲಿಲ್ಲ. ನೀರು ಮೊಳಕಾಲಿಗೆ ಬಂತು, ಸೊಂಟಕ್ಕೆ ಬಂತು. ಕಾಲ ಕೆಳಗಿನ ಮರಳು ತಾನಾಗಿಯೇ ಸರಿಯಿತು, ಯಾರೋ ನೆಲವನ್ನೇ ಮೆಲ್ಲಗೆ ಎಳೆದುಕೊಳ್ಳುತ್ತಿರುವ ಹಾಗೆ. ಅಷ್ಟು ದೊಡ್ಡದರ ಮುಂದೆ ನಿಂತು ನನ್ನ ಹೆಸರನ್ನು ಕೂಗಿದರು. ಅಷ್ಟು ದೊಡ್ಡದಕ್ಕೆ ನನ್ನ ಹೆಸರು ಯಾಕೆ ಬೇಕು ಎಂದು ನನಗೆ ಈವತ್ತಿಗೂ ಬೆರಗು.

ಹಳೆಯ ಮನುಷ್ಯ ಸತ್ತ, ಅವನನ್ನು ಈ ಸಮುದ್ರದಲ್ಲಿಯೇ ಹೂಳಿದ್ದೇವೆ, ಇನ್ನು ಅವನ ಹೆಸರು ಎತ್ತಬೇಡ ಎಂದು ಪಾಸ್ಟರ್ ಹೇಳಿದರು. ಎಲ್ಲರೂ ಅತ್ತರು. ಆಮೇಲೆ ದಂಡೆಯಲ್ಲಿ ವಡಾ ಪಾವ್ ತಿಂದೆವು.

ಫೆಬ್ರುವರಿ ಮೊದಲನೆಯ ಭಾನುವಾರ ನಾನು ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಬೇಕಾಗಿದೆ. ನನ್ನಂಥವನಿಗೆ ಅದೇ ಕಷ್ಟ. ಏನು ಹೇಳುತ್ತೇನೆಂದು ಈಗ ಬರೆಯುವುದಿಲ್ಲ. ಅದರಲ್ಲಿ ನೀನೂ ಇದ್ದೀಯ.

ನಿನ್ನ ತಮ್ಮ
ಶರಣ


ಧಾರಾವಿ
20 ಜನವರಿ 2024

ಅಕ್ಕಾ,

ನಿನ್ನ ಉತ್ತರ ಬರುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ. ನಿನ್ನನ್ನು ಬಿಟ್ಟು ಇದನ್ನು ಹೇಳಲು ನನಗೆ ಯಾರೂ ಇಲ್ಲ.

ಬುಧವಾರ ಮಧ್ಯಾಹ್ನ ಅಮೋಲ್ ನನ್ನ ಕಿಸೆಯಲ್ಲಿ ಅಂಚೆಯ ಲಕೋಟೆ ಕಂಡು ಕೇಳಿದ: "ಫೋನ್ ಕರ್ ನಾ ರೇ. ತೇರೀ ಬೆಹೆನ್ ಬೆಹರೀ ಹೈ ಕ್ಯಾ?" ನಿಮ್ಮಕ್ಕ ಕಿವುಡಿಯೇನು ಎಂದು ಸುಮ್ಮನೆ ಚೇಷ್ಟೆಗೆ ಕೇಳಿದ. ಅವನಿಗೆ ನಿನ್ನ ವಿಷಯ ಗೊತ್ತಿಲ್ಲ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಕೈಯಲ್ಲಿ ಬೆಲ್ಟಿನ ಬಕ್ಕಲ್ಲು ಬಡಿಯುವ ಸುತ್ತಿಗೆ ಇತ್ತು. ನಾನು ನೋಡುವಷ್ಟರಲ್ಲಿ ಅದು ನನ್ನ ತಲೆಗಿಂತ ಮೇಲೆ ಇತ್ತು. ಅಮೋಲನ ನಗು ಇನ್ನೂ ಮುಖದ ಮೇಲಿತ್ತು, ಹಲ್ಲು ಕಾಣುತ್ತಿದ್ದವು. ಸುತ್ತಿಗೆ ಅವನ ಬೆರಳಿನ ಪಕ್ಕದ ಕಲ್ಲಿನ ಮೇಲೆ ಬಿತ್ತು. ನಾನು ತಪ್ಪಿಸಿದೆನೋ, ಅದು ತಾನಾಗಿ ತಪ್ಪಿತೋ ಗೊತ್ತಿಲ್ಲ. ಗಾಳೆಯಲ್ಲಿ ಎರಡೂ ಮಷೀನು ನಿಂತವು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ಸಂಜೆ ಪಾಸ್ಟರ್ ಹತ್ತಿರ ಹೋದೆ. ಅವರ ಹೆಸರು ಅನಿಲಕುಮಾರ, ಊರು ಇಂಡಿ ತಾಲೂಕಿನ ಕಡೆ. ಭಾನುವಾರ ಪಾಸ್ಟರ್, ಉಳಿದ ದಿನ ಪವಾಯಿಯ ಒಂದು ದೊಡ್ಡ ಬಿಲ್ಡಿಂಗಿನಲ್ಲಿ ವಾಚ್‌ಮನ್. ಡ್ಯೂಟಿಯ ಅಂಗಿಯಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು.

"ಪಾಸ್ಟರ್, ಹಳೇ ಮನುಷ್ಯಾ ಸತ್ತಾನ ಅಂದ್ರಿ."

"ಅಂದೇನಿ. ದೇವರ ವಾಕ್ಯದಾಗ ಹಂಗs ಐತಿ."

"ಮತ್ತ ಸುತ್ತಿಗಿ ಎತ್ತಿದಾಂವ ಯಾರ್ರಿ?"

ಅವರು ಕಪ್ಪು ಕೆಳಗಿಟ್ಟರು. "ಮೊನ್ನಿ ಒಬ್ಬ ಸಾಹೇಬ ಕಾರಿನಾಗಿಂದ ನನಗ 'ಅಬೇ' ಅಂದ. ಗೇಟ ತಗದೆ, ಸಲಾಮ ಹೊಡದೆ. ಮನಸಿನಾಗ ಅವನ್ನ ಮೂರ ಸಲ ಅದs ಗೇಟಿಗೆ ಸಿಗಿಸಿದೆ. ನೀ ಬಂದು ನನ್ನ ಕೇಳ್ತಿ."

"ಹಂಗಾರ ನಾವು ಇನ್ನೂ ಪಾಪದ ಗುಲಾಮರs ಏನ್ರಿ?"

"ಅಲ್ಲ," ಎಂದರು. ಕಪ್ಪು ಮತ್ತೆ ಕೈಗೆತ್ತಿಕೊಂಡು ಹೇಳಿದರು: "ಅಲ್ಲ ಅನ್ನೂದು ನನಗ ಗೊತ್ತೈತಿ ಶರಣ. ಯಾಕ ಅಲ್ಲ ಅನ್ನೂದು ತಿಳಿಹೇಳಾಕ ನನಗ ಬರೂದಿಲ್ಲ. ನೀ ಸಾಕ್ಷಿ ಹೇಳು. ಹೇಳಿದ್ರ ಗಟ್ಟಿ ಆಗ್ತಿ."

ಈಗ ಸಾಕ್ಷಿಯಲ್ಲಿ ಏನು ಹೇಳಬೇಕೆಂದಿದ್ದೆ ಎಂಬುದನ್ನು ನಿನಗೆ ಬರೆದುಬಿಡುತ್ತೇನೆ. ಆ ರಂಗಪಂಚಮಿಯ ಮಧ್ಯಾಹ್ನ ನೆನಪಿದೆಯಲ್ಲ. ನನ್ನ ಬಾಟಲಿಯನ್ನು ನೀನು ಹೊಂಡಕ್ಕೆ ಸುರಿದೆ. ನಾನು ನಿನ್ನ ಮೇಲೆ ಕೈ ಎತ್ತಿದೆ. ಎತ್ತಿದ್ದು ನೆನಪಿದೆ, ಅಂಗೈಯಲ್ಲಿದ್ದ ಹಸಿರು ಬಣ್ಣ ನೆನಪಿದೆ. ಆಮೇಲೆ ಏನೂ ಇಲ್ಲ. ಮರುದಿನ ಎಚ್ಚರವಾದಾಗ ನೀನು ಹೊಂಡದ ಹತ್ತಿರ ಜಾರಿ ಬಿದ್ದಿದ್ದೀಯ ಎಂದರು. ನಾನು ಕೈ ಎತ್ತಿದೆ, ಆದರೆ ಕೈ ಇಳಿಯಲಿಲ್ಲ. ಯಾರೋ ಹಿಡಿದರು. ನನಗೆ ದೇವರ ಹೆಸರೂ ಗೊತ್ತಿಲ್ಲದ ದಿನ ಆತನು ನನ್ನ ಮಣಿಕಟ್ಟು ಹಿಡಿದ. ನಾನು ನಂಬಿದ್ದೇ ಅದರಿಂದ.

ಅಂದು ಹಿಡಿದವನು ಬುಧವಾರವೂ ಹಿಡಿದಿರಬೇಕು ಎಂದುಕೊಂಡು ನಿಂತಿದ್ದೇನೆ.

ಶರಣ


ಮದಭಾವಿ, ಅಥಣಿ ತಾಲೂಕು
22 ಜನವರಿ 2024

ತಮ್ಮಾ ಶರಣ,

ನಿನ್ನ ಹನ್ನೆರಡನೆಯ ತಾರೀಖಿನ ಪತ್ರ ಈಗ ತಾನೇ ಬಂತು. ಓದುತ್ತಿದ್ದಾಗ ಹಾಲು ಉಕ್ಕಿ ಒಲೆ ಆರಿತು, ನನಗೆ ತಿಳಿಯಲೇ ಇಲ್ಲ. ದೀಕ್ಷೆ, ಸ್ನಾನ ಎಲ್ಲ ಇರಲಿ. ಆ ಮುದುಕ ಯಾರು?

ಹನ್ನೊಂದು ಮಂದಿ ಹೋಗಿ ಒಬ್ಬ ಹಳೆಯ ಮನುಷ್ಯನನ್ನು ಸಮುದ್ರದಲ್ಲಿ ಹೂಳಿ ಬಂದಿರಿ. ಅವನ ಮನೆಯವರಿಗೆ ಸುದ್ದಿ ಮುಟ್ಟಿಸಿದಿರೋ ಇಲ್ಲವೋ. ಹೆಸರು ಎತ್ತಬೇಡ ಎಂದ ಪಾಸ್ಟರನೇ ಈಗ ನಿನ್ನನ್ನು ಸಾಕ್ಷಿ ನಿಲ್ಲಿಸುತ್ತಿದ್ದಾನೆ. ಮಣ್ಣು ಮಾಡಿ ಬಂದು ವಡಾ ಪಾವ್ ತಿಂದೆವು ಎಂದು ಬರೆದಿದ್ದೀಯ. ಎಂಥವರ ಸಂಗ ಮಾಡಿದ್ದೀಯಪ್ಪ?

ನೀನು ಸಾಕ್ಷಿ ಹೇಳಬೇಡ. ನಿನ್ನ ಕಾಲು ಹಿಡಿಯುತ್ತೇನೆ, ಹೇಳಬೇಡ. ಪೊಲೀಸರು ಸಾಕ್ಷಿಯನ್ನು ಸುಮ್ಮನೆ ಬಿಡುವುದಿಲ್ಲ, ಅವನ ಊರು, ಹಿಂದಿನದು ಎಲ್ಲ ಕೆದಕುತ್ತಾರೆ. ಅದರಲ್ಲಿ ನೀನೂ ಇದ್ದೀಯ ಎಂದು ಬೇರೆ ಬರೆದಿದ್ದೀಯ. ನನ್ನ ಕಿವಿಯ ಸಂಗತಿ ಯಾಕೆ ತೆಗೆಯುತ್ತೀಯ? ಮಿರಜಿನ ದವಾಖಾನೆಯ ಕಾಗದದಲ್ಲಿ ನಾನು ಜಾರಿ ಬಿದ್ದೆ ಎಂದು ಬರೆಸಿದ್ದೇನೆ. ಮನೆಯಲ್ಲೂ ಅದನ್ನೇ ಹೇಳಿದ್ದೇನೆ. ನೀನು ಹೊಡೆದೆ ಎಂದು ನಾನು ಕಟ್ಟಿಕೊಂಡ ಗಂಡ, ನಿಮ್ಮ ಮಾವನ ಮುಂದೆ ಕೂಡ ಬಾಯಿ ಬಿಟ್ಟಿಲ್ಲ. ಒಂದೇ ಏಟು, ಅದೂ ಕುಡಿದ ಕೈ. ಕೀವು ತುಂಬಿ ಕಿವಿಯ ತಮಟೆ ಹೋದದ್ದು ನಾನು ತಡವಾಗಿ ತೋರಿಸಿದ್ದಕ್ಕೆ. ಆಗಿ ಹೋದದ್ದು ಆಗಿ ಹೋಯಿತು. ನನಗಾಗಿ ನೀನು ಜೈಲಿಗೆ ಹೋಗುವುದು ಬೇಡ.

ಈ ಪತ್ರ ಓದಿ ಸುಟ್ಟುಬಿಡು. ಆ ಮುದುಕನ ಮನೆಯವರಿಗೆ ದೇವರು ಒಳ್ಳೆಯದು ಮಾಡಲಿ.

ರುದ್ರವ್ವ


ಧಾರಾವಿ
30 ಜನವರಿ 2024

ಅಕ್ಕಾ,

ಸಾಕ್ಷಿ ಎಂದರೆ ಕೋರ್ಟಿನದಲ್ಲ. ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹಳೆಯ ಮನುಷ್ಯ ಎಂದರೆ ಯಾವ ಮುದುಕನೂ ಅಲ್ಲ. ಅದು ನಾನು. ನನ್ನ ಹಿಂದಿನ ಗುಣ. ನೀರಿನಲ್ಲಿ ಮುಳುಗಿಸಿ ಎಬ್ಬಿಸಿದಾಗ ಅವನು ಒಳಗೇ ಉಳಿದ, ಹೊಸಬನು ಎದ್ದ ಎಂದು ಅರ್ಥ.

ನೀನು ಹೆದರಬೇಡ. ಯಾರೂ ಸತ್ತಿಲ್ಲ.

ನಿನ್ನ ಪತ್ರವನ್ನು ಗಾಳೆಯ ಬಾಗಿಲಲ್ಲಿ ನಿಂತು ಓದಿದೆ. ನನಗೆ ಗೊತ್ತಿರಲಿಲ್ಲ ಅಕ್ಕಾ. ಕೈ ಇಳಿಯಿತೆಂದು ನನಗೆ ಗೊತ್ತಿರಲಿಲ್ಲ. ನೀನು ಜಾರಿ ಬಿದ್ದೆ ಎಂದೇ ನಂಬಿದ್ದೆ. ಯಾರೂ ನನ್ನ ಮಣಿಕಟ್ಟು ಹಿಡಿದಿರಲಿಲ್ಲ. ಅಮೋಲ್ ನಿನ್ನನ್ನು ಕಿವುಡಿ ಎಂದನೆಂದು ಅವನ ಮೇಲೆ ಸುತ್ತಿಗೆ ಎತ್ತಿದೆನಲ್ಲ, ನಿನ್ನನ್ನು ಕಿವುಡಿ ಮಾಡಿದವನೇ ಎತ್ತಿದ್ದು.

ಯಾರೂ ಸತ್ತಿಲ್ಲ. ಈಗ ನಿಜ ತಿಳಿಯಿತು. ಭಾನುವಾರ ನಾನು ನಿಲ್ಲುವುದಿಲ್ಲ.

ಶರಣ


ಮದಭಾವಿ
10 ಫೆಬ್ರುವರಿ 2024

ಶರಣ,

ನಿನ್ನ ಎರಡೂ ಪತ್ರ ಬಂದಿವೆ. ಮೊದಲು ಸುತ್ತಿಗೆಯದು, ಆಮೇಲೆ ಇದು. ಸಮುದ್ರದ ಮುದುಕನ ವಿಷಯ ತಿಳಿದು ಒಬ್ಬಳೇ ನಕ್ಕೆ. ಐದು ದಿನ ಅವನಿಗಾಗಿ ಎಣ್ಣೆ ದೀಪ ಹಚ್ಚಿದ್ದೆ.

ನಗು ಮುಗಿದ ಮೇಲಿನದನ್ನು ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಪ್ರತಿ ಪತ್ರದಲ್ಲಿ ನೀನು "ಕಿವಿ ಹೇಗಿದೆ" ಎಂದು ಕೇಳುತ್ತಿದ್ದೆ. ಈ ಎರಡಕ್ಕೆ ಮೊದಲು ಆ ಮಾತನ್ನು ಬಿಟ್ಟು ಒಂದು ಪತ್ರವನ್ನೂ ಬರೆದವನಲ್ಲ. ಪಾಪ, ಮಾಡಿದ್ದನ್ನು ಬಾಯಿ ಬಿಟ್ಟು ಹೇಳಲಾರ, ಹೀಗೆ ಕೇಳಿ ಕೇಳಿ ತಪ್ಪು ಒಪ್ಪಿಕೊಳ್ಳುತ್ತಿದ್ದಾನೆ ಎಂದು ನಾನು ತಿಳಿದೆ. ಪ್ರತಿ ಸಲ ಅದನ್ನು ಓದಿ ಸ್ವಲ್ಪ ಸ್ವಲ್ಪ ಸಿಟ್ಟು ಬಿಟ್ಟೆ. ಮೂರು ವರ್ಷದಲ್ಲಿ ಎಲ್ಲ ಬಿಟ್ಟೆ ಎಂದುಕೊಂಡಿದ್ದೆ. ಈಗ ನೋಡಿದರೆ ನೀನು ಏನೂ ಒಪ್ಪಿಕೊಂಡೇ ಇರಲಿಲ್ಲ. ನೆಗಡಿ ಹೇಗಿದೆ ಎಂದು ಕೇಳಿದ ಹಾಗೆ ಕೇಳುತ್ತಿದ್ದೆ.

ಹಾಗಾದರೆ ನಾನು ಬಿಟ್ಟದ್ದು ಏನನ್ನು? ಒಳಗೆ ನೋಡಿಕೊಂಡರೆ ಸಿಟ್ಟು ಹೋದಲ್ಲೇ ಕುಳಿತಿದೆ, ಹೊಸದಾಗಿ. ನಿನ್ನ ದೇವರು ನಿನ್ನ ಕೈ ಹಿಡಿದ ಎಂದು ನಂಬಿ ನೀನು ಸುಖವಾಗಿದ್ದೆ. ಆ ಮಧ್ಯಾಹ್ನದಿಂದ ನನಗೆ ಕೋಳಿ ಕೂಗುವುದು ಕೇಳಿಲ್ಲ.

ಸ್ವಲ್ಪ ದಿನ ಬರೆಯಬೇಡ.

ರುದ್ರವ್ವ


ಮದಭಾವಿ
5 ಮಾರ್ಚ್ 2024

ತಮ್ಮಾ,

ಬರೆಯಬೇಡ ಎಂದವಳು ನಾನೇ, ಬರಲಿಲ್ಲವೆಂದು ಅಂಚೆಯವನನ್ನು ದಿನಾ ಕೇಳುವವಳೂ ನಾನೇ. ಅವನು ಈಗ ನಮ್ಮ ಮನೆಯ ಮುಂದೆ ಸೈಕಲ್ಲಿನ ವೇಗ ಹೆಚ್ಚಿಸುತ್ತಾನೆ.

ಸಾಂಗ್ಲಿಯ ವ್ಯಾಪಾರಿ ಚಪ್ಪಲಿಗೆ ತೊಗಲು ತಂದಿದ್ದ. ಪಟ್ಟಿ ಹೆಣೆಯುತ್ತ ಕುಳಿತಾಗ ಒಂದು ಪಟ್ಟಿ ಬೆರಳಿಗೆ ಬೇರೆಯಾಗಿ ಹತ್ತಿತು. ಕೊಯ್ದು ನೋಡಿದೆ, ಒಳಗೆ ಬಿಳಿ ಗೆರೆ. ಅಪ್ಪ ನೆನಪಾದ.

ನೀನು ಆಗ ಸಣ್ಣವನು, ನಿನಗೆ ನೆನಪಿರಲಿಕ್ಕಿಲ್ಲ. ಅಪ್ಪನ ಕಾಲಕ್ಕೆ ಹದ ಮಾಡುವ ಕೆಲಸ ಮನೆಯಲ್ಲೇ ಇತ್ತು. ಹಸಿ ತೊಗಲು ಬಂದ ದಿನ ಉಪ್ಪು ಹಚ್ಚುತ್ತಿದ್ದ. ಉಪ್ಪು ಹಚ್ಚಿದರೆ ಕೊಳೆಯುವುದು ನಿಲ್ಲುತ್ತದೆ, ನಾತ ನಿಲ್ಲುತ್ತದೆ. ನೋಡಿದವರು ಆಯಿತು ಎಂದುಕೊಳ್ಳಬೇಕು, ಹಾಗೆ. ಆದರೆ ತೊಳೆದರೆ ಮತ್ತೆ ಅದೇ ಹಸಿ ತೊಗಲು, ಓಣಿಯ ನಾಯಿಗಳೆಲ್ಲ ಬಾಗಿಲಲ್ಲಿ. ಅದಕ್ಕೇ ಅದನ್ನು ಚೀಲದ ಹಾಗೆ ಹೊಲಿದು, ಬೇವಿನ ಮರಕ್ಕೆ ತೂಗುಹಾಕಿ, ತಂಗಡಿ ಗಿಡದ ತೊಗಟೆಯ ಕೆಂಪು ನೀರು ತುಂಬುತ್ತಿದ್ದ. ನೀರು ತೊಗಲಿನೊಳಗಿಂದ ಬೆವರಿನ ಹಾಗೆ ಹನಿ ಹನಿ ಹೊರಗೆ ಬರುತ್ತಿತ್ತು. ಬಂದದ್ದನ್ನು ಹಿಡಿದು ಮತ್ತೆ ಮೇಲಿಂದ ಸುರಿಯುತ್ತಿದ್ದ. ಕೆಲವು ದಿನ ಹಾಗೆ, ಆಮೇಲೆ ತಲೆಕೆಳಗು ಮಾಡಿ ಮತ್ತೆ ಕೆಲವು ದಿನ. ನಾನು ಕೆಳಗೆ ಕುಳಿತು ಹನಿ ನೋಡುತ್ತಿದ್ದೆ. ಆಗ ನನಗೆ ಹನಿಯ ಸಪ್ಪಳವೂ ಕೇಳುತ್ತಿತ್ತು.

ಹದವಾಯಿತೋ ಇಲ್ಲವೋ ನೋಡಲು ಕುತ್ತಿಗೆಯ ದಪ್ಪ ಭಾಗದಲ್ಲಿ ಒಂದು ಚೂರು ಕೊಯ್ಯುತ್ತಿದ್ದ. ಎರಡೂ ಅಂಚು ಕೆಂಪು, ನಡುವೆ ಬಿಳಿ ಗೆರೆ. ಒಂದು ಸಲ ನಾನು, "ಅಪ್ಪಾ, ಇದು ಇನ್ನೂ ಹಸೀದs ಐತಿ" ಎಂದೆ. ಅಪ್ಪನಿಗೆ ಸಿಟ್ಟೇ ಬಂತು. "ಯಾರ ಹೇಳಿದ್ರು ಹಸೀದಂತ? ಹದಕ್ಕ ಹಾಕಿದ್ದು ಅನ್ನು. ತೊಗಟಿ ನೀರು ಒಳಗ ಹೊಕ್ಕೈತಿ. ಇನ್ನ ಇದನ್ನ ಹಸೀದ ಮಾಡಾಕ ಕೃಷ್ಣಾ ನದಿ ಪೂರಾ ಸುರುವಿದ್ರೂ ಆಗೂದಿಲ್ಲ. ಆ ಬಿಳೇ ಗೆರಿ ಇರೂದು ನಾಲ್ಕ ದಿನ." ಬಿಳಿ ಗೆರೆ ಇದ್ದ ತೊಗಲನ್ನು ಅವನು ಯಾರಿಗೂ ಮಾರಲಿಲ್ಲ, ಆದರೆ ಹಸಿ ಎಂದು ಯಾರಿಗೂ ಅನ್ನಲು ಬಿಡಲೂ ಇಲ್ಲ.

ನಿನ್ನ ಸಮುದ್ರದ ನೀರು ಉಪ್ಪೋ, ತೊಗಟೆಯ ನೀರೋ ನನಗೆ ಗೊತ್ತಿಲ್ಲ. ಅದು ನಿನ್ನ ಯೇಸಪ್ಪನಿಗೆ ಗೊತ್ತು. ಆದರೆ ಉಪ್ಪು ಹಚ್ಚಿದ ತೊಗಲಾಗಿದ್ದರೆ ಸುತ್ತಿಗೆ ಎತ್ತಿದ ದಿನ ನೀನು ಪಾಸ್ಟರ್ ಹತ್ತಿರ ಓಡುತ್ತಿರಲಿಲ್ಲ, ನಗುತ್ತ ಕುಳಿತಿರುತ್ತಿದ್ದೆ. ನಿನ್ನೊಳಗೆ ಏನೋ ಹೊಕ್ಕಿದೆ. ಸುತ್ತಿಗೆ ಆ ಬಿಳಿ ಗೆರೆ. ನನ್ನ ಸಿಟ್ಟೂ ಅದೇ. ಮೂರು ವರ್ಷ ಬಿಟ್ಟದ್ದು ಸುಳ್ಳಲ್ಲ, ನಡುವೆ ಸ್ವಲ್ಪ ಉಳಿದಿದೆ.

ನಿನ್ನ ಸಾಕ್ಷಿ ಕೆಟ್ಟುಹೋಯಿತು ಎಂದು ಕುಳಿತಿದ್ದರೆ ಎದ್ದೇಳು. ಆದದ್ದು ಆದ ಹಾಗೆ ಹೇಳು. ನಾನು ಬೇಡ ಎನ್ನುವುದಿಲ್ಲ. ಈ ಸಲ ಪೊಲೀಸರಿಗೂ ಹೆದರುವುದಿಲ್ಲ.

ಕಿವಿ ಹಾಗೇ ಇದೆ.

ರುದ್ರವ್ವ


ಧಾರಾವಿ
2 ಏಪ್ರಿಲ್ 2024

ಅಕ್ಕಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ನೀನು ಹೇಳಿದ್ದನ್ನು ಮೊದಲು ಮಾಡಿ, ಆಮೇಲೆ ಉತ್ತರ ಬರೆಯಬೇಕೆಂದು ಕಾದೆ. ಮಾಡಿದೆ.

ಮೊನ್ನೆಯ ಭಾನುವಾರ ಯೇಸು ಸತ್ತು ಎದ್ದ ಹಬ್ಬ. ನಮ್ಮ ಪ್ರಾರ್ಥನೆಯ ಖೋಲಿ ಒಂದು ಮಾಳಿಗೆಯ ಮೇಲಿದೆ, ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಅಂದು ಏಣಿಯ ಮೆಟ್ಟಿಲ ಮೇಲೂ ಜನ ಕುಳಿತಿದ್ದರು. ಅಮೋಲನನ್ನು ಕರೆದಿದ್ದೆ. ಅವನ ಕ್ಷಮೆ ಕೇಳಿದ್ದು ಆಗಲೇ ಎರಡು ತಿಂಗಳಾಗಿದೆ. ಆಗ ಅವನು, "ಕೇಳುವುದಾದರೆ ಪಾವ್ ಭಾಜಿ ತಿನ್ನಿಸಿ ಕೇಳು" ಎಂದಿದ್ದ. ಭಾನುವಾರ ಕೂಡ ಕೊನೆಯಲ್ಲಿ ಊಟವಿದೆ ಎಂದದ್ದಕ್ಕೇ ಬಂದ. ಕನ್ನಡ ಬರದಿದ್ದರೂ ಹಿಂದಿನ ಗೋಡೆಗೆ ಒರಗಿ ಕುಳಿತ.

ನನ್ನ ಹೆಸರು ಕರೆದರು. ಎದ್ದು ನಿಂತೆ. ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಓದಲು ಮನಸ್ಸಾಗಲಿಲ್ಲ. ಅದನ್ನು ಕಿಸೆಗೆ ಹಾಕಿ ಹೇಳಿದೆ: "ದೇವರು ನನ್ನ ಕೈ ಹಿಡಿದು ನಿಲ್ಲಿಸಿದ ಅಂತ ಹೇಳಾಕ ನಿಂತಾಂವ ಇದ್ದೆ. ಅದು ಸುಳ್ಳು. ಕೈ ಇಳೀತು. ನಮ್ಮಕ್ಕನ ಎಡಗಿವಿ ಹೋತು. ಬಲಗಿವಿ ಮೊದಲs ಮಂದ ಇತ್ತು. ನಾನs ಹೊಡದದ್ದು ಅಂತ ಗೊತ್ತಿಲ್ಲದs ಮೂರ ವರ್ಷ ಪತ್ರ ಬರದೆ. ಮುಳುಗಿ ಎದ್ದ ಮ್ಯಾಲೂ ಇಲ್ಲಿ ಕುಂತಾನಲ್ಲ ಅಮೋಲ್, ಅವನ ಮ್ಯಾಲೆ ಸುತ್ತಿಗಿ ಎತ್ತೇನಿ. ನನ್ನ ಸಾಕ್ಷಿ ಇಷ್ಟs."

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರ್ ತಲೆ ತಗ್ಗಿಸಿದ್ದರು. ಕೆಳಗಿನ ಗಲ್ಲಿಯಲ್ಲಿ ಯಾರದೋ ಗಾಡಿ ಹಾರ್ನು ಹೊಡೆಯುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ರುಕ್ಮಿಣಿಬಾಯಿ ಎಂಬ ಮುದುಕಿ ಇದ್ದಾಳೆ, ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಕಸ ಗುಡಿಸುತ್ತಾಳೆ. ಅವಳು ಕುಳಿತಲ್ಲಿಂದಲೇ ಕೇಳಿದಳು: "ಯಾವ ಕೈ ಅದು?"

ಬಲಗೈ ತೋರಿಸಿದೆ.

"ಇಲ್ಲಿ ತಾ."

ಹತ್ತಿರ ಹೋಗಿ ಕೊಟ್ಟೆ. ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪಾಸ್ಟರ್ ಹಾಡು ಶುರು ಮಾಡಿದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು, ಅವಳು ಬಿಡಲೇ ಇಲ್ಲ. ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕುಳಿತುಬಿಟ್ಟೆ. ಅವಳ ಕೈ ಒರಟು, ಕೊತ್ತಂಬರಿಯ ವಾಸನೆ. ಅಕ್ಕಾ, ಮೂರು ವರ್ಷದ ಹಿಂದೆ ಯಾರೋ ಹಿಡಿದರು ಎಂದು ನಾನು ನಂಬಿದ್ದ ಕೈಯನ್ನು ಅಂದು ನಿಜವಾಗಿ ಹಿಡಿದರು. ಇಳಿಯುವ ಮೊದಲು ಅಲ್ಲ, ಇಳಿದ ಮೇಲೆ. ಏಟು ಹೊಡೆದ ಮೇಲೆ ಕೂಡ ಹಿಡಿಯುವವರು ಇದ್ದಾರೆಂಬುದು ನನ್ನ ಬುದ್ಧಿಗೆ ಇನ್ನೂ ಹಿಡಿಸುತ್ತಿಲ್ಲ. ಸಮುದ್ರದ ಮುಂದೆ ನಿಂತ ದಿನಕ್ಕಿಂತ ದೊಡ್ಡದರ ಮುಂದೆ ನಿಂತ ಹಾಗಾಯಿತು, ಅದೂ ಒಂದು ಮುದುಕಿಯ ಮೊಳಕಾಲಿನ ಹತ್ತಿರ.

ಕೆಳಗೆ ಇಳಿಯುವಾಗ ಅಮೋಲ್ ಕೇಳಿದ: "ಮೇರಾ ನಾಮ್ ಕ್ಯೋಂ ಲಿಯಾ ರೇ? ಸಬ್ ಮುಝೇ ದೇಖ್ ರಹೇ ಥೇ." ತನ್ನ ಹೆಸರು ಯಾಕೆ ಎತ್ತಿದೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದರು ಎಂದು. ಒಳಗೆ ಹೇಳಿದ್ದನ್ನೆಲ್ಲ ಹಿಂದಿಯಲ್ಲಿ ತಿಳಿಸಿದೆ. ಅವನು, ಇನ್ನು ಮುಂದೆ ಸುತ್ತಿಗೆ ತನ್ನ ಕಡೆ ಇಟ್ಟುಕೊಳ್ಳುತ್ತೇನೆ, ಬೇಕಾದಾಗ ಕೇಳು ಎಂದ. ಹಾಗೇ ಮಾಡುತ್ತಿದ್ದೇವೆ.

ನಿನ್ನೆ ಇನ್ನೊಂದು ನಡೆಯಿತು. ಹಳೆಯ ಸೇಠ ಮತ್ತೆ ಕೂಗಿದ. ನನ್ನ ಕಾಲುಗಳು ಎದ್ದವು, ಬಾಗಿಲವರೆಗೆ ಹೋದವು. ಅಲ್ಲಿ ನಿಂತು ಅವನ ಮುಖ ನೋಡಿದೆ. ಅವನೂ ನೋಡಿದ, ನೆನಪಾಗಿ ನಕ್ಕ. ನಾನು ತಿರುಗಿ ಬಂದು ಕುಳಿತೆ. ನಾವು ಪಾಪದ ಗುಲಾಮರಲ್ಲ, ಯಾಕೆ ಅಲ್ಲ ಎಂದು ತಿಳಿಹೇಳಲು ಬರುವುದಿಲ್ಲ ಎಂದು ಪಾಸ್ಟರ್ ಅಂದದ್ದು ಆಗ ನನಗೆ ತಿಳಿಯಿತು. ಕೂಗು ನಿಂತಿಲ್ಲ. ಕಾಲಿಗೆ ಇನ್ನೂ ಗೊತ್ತಿಲ್ಲ. ಆದರೆ ನಾನು ಅವನ ಆಳಲ್ಲ. ಕಾಲು ಏಳುತ್ತವೆಂದು ನಾನು ಅವನ ಆಳಾಗುವುದಿಲ್ಲ. ಎದ್ದ ಕಾಲನ್ನು ತಿರುಗಿಸಿಕೊಂಡು ಬರುವುದು ದಿನದ ಕೆಲಸ. ಹದಕ್ಕೆ ಹಾಕಿದ್ದು ಎಂದು ನೀನು ಬರೆದದ್ದೂ ಇದೇ ಇರಬೇಕು.

ಮೇ ತಿಂಗಳಲ್ಲಿ ನಾಲ್ಕು ದಿನ ಸೂಟಿ ಕೊಡುತ್ತಾರೆ. ಬರಲೇ? ಬೇಡ ಎಂದರೆ ಬರುವುದಿಲ್ಲ.

ಶರಣ


ಮದಭಾವಿ
21 ಮೇ 2024

ತಮ್ಮಾ ಶರಣ,

ಬಾ ಎಂಬ ಒಂದೇ ಅಕ್ಷರದ ಪತ್ರಕ್ಕೆ ನೀನು ಬಂದೆ, ನಾಲ್ಕು ದಿನ ಇದ್ದೆ, ಹೋದೆ. ಮನೆಯಲ್ಲಿ ಜನ ತುಂಬಿದ್ದರಿಂದ ನಾವು ಹೆಚ್ಚು ಮಾತಾಡಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ. ನನಗೆ ಕೇಳುವುದು ಕಡಿಮೆ, ಆದ್ದರಿಂದ ನೋಡುವುದು ಹೆಚ್ಚು.

ಎರಡನೆಯ ದಿನ ಊಟಕ್ಕೆ ಕುಳಿತಾಗ ನಿಮ್ಮ ಮಾವ ಚೇಷ್ಟೆ ಮಾಡಿದ. ಮೊದಲು ಬಾಟಲಿ ಹಿಡಿದು ಬರುತ್ತಿದ್ದೆ, ಈಗ ಪುಸ್ತಕ ಹಿಡಿದು ಬಂದಿದ್ದೀಯ, ಯಾವುದರ ಅಮಲು ಹೆಚ್ಚು ಎಂದ. ನಿನ್ನ ಕುತ್ತಿಗೆಯ ನರ ಉಬ್ಬಿತು. ನಾನು ನಿನ್ನ ಬಲಗೈಯನ್ನೇ ನೋಡುತ್ತಿದ್ದೆ. ಅದು ಮುಷ್ಟಿಯಾಯಿತು. ಮುಷ್ಟಿಯಾದದ್ದು ನಾನು ಕಂಡೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಅದು ಬಿಚ್ಚಿತು, ಬುಟ್ಟಿಯಿಂದ ರೊಟ್ಟಿ ತೆಗೆಯಿತು, ಅರ್ಧ ಮುರಿದು ಅವನ ತಾಟಿಗೆ ಹಾಕಿತು. ನಿಮ್ಮ ಮಾವ ನಕ್ಕು ತಿಂದ. ಏನು ತಿಂದೆನೆಂದು ಅವನಿಗೆ ಗೊತ್ತಾಗಲಿಲ್ಲ.

ಹೊರಡುವ ದಿನ ಹೊಂಡದ ಕಟ್ಟೆಯ ಮೇಲೆ ನೀನು ನನ್ನ ಎಡಗಡೆಗೆ ಬಂದು ಕುಳಿತೆ. ಹೋದ ಕಿವಿಯ ಕಡೆಗೆ. ಬಹಳ ಹೊತ್ತು ಮಾತಾಡಿದೆ. ನಡುವೆ ಅತ್ತೆ ಎಂದು ಕಾಣುತ್ತದೆ, ನಿನ್ನ ಭುಜ ನನಗೆ ತಾಗುತ್ತಿತ್ತು. ನಿನಗೆ ಮರೆತುಹೋಗಿತ್ತೋ, ಗೊತ್ತಿದ್ದೇ ಆ ಕಡೆ ಕುಳಿತೆಯೋ ನಾನು ಕೇಳಲಿಲ್ಲ. ನನಗೆ ಒಂದು ಶಬ್ದವೂ ಕೇಳಲಿಲ್ಲ. ತಿರುಗಿ ಬಲಗಿವಿ ಕೊಡಬಹುದಿತ್ತು. ಕೊಡಲಿಲ್ಲ. ಅದು ಆ ಕಿವಿಗೆ ಹೇಳಬೇಕಾದ ಮಾತು ಎನಿಸಿತು. ಅದು ಕೇಳಿಸಿಕೊಂಡಿತು.

ಸಿಟ್ಟು ಹೋಯಿತೇ ಎಂದು ಕೇಳಬೇಡ. ಬಿಳಿ ಗೆರೆ ಸಣ್ಣದಾಗಿದೆ.

ನೀನು ಹೋದ ಮೇಲೆ ಕಿವಿಯಲ್ಲಿ ಮತ್ತೆ ಸ್ವಲ್ಪ ಸೋರಿತು, ನಿಮ್ಮ ಮಾವ ಮಿರಜಿಗೆ ಕರೆದುಕೊಂಡು ಹೋದ. ಹೆದರುವಂಥದ್ದೇನೂ ಇಲ್ಲ, ಹನಿ ಕೊಟ್ಟಿದ್ದಾರೆ. ಡಾಕ್ಟರ್‌ಬಾಯಿ ಹೊಸ ಹೆಣ್ಣುಮಗಳು. ಬಲಗಿವಿಯ ಹತ್ತಿರ ಬಾಯಿ ಇಟ್ಟು, ಹಳೆಯ ಕಾಗದ ನೋಡುತ್ತ ಕೇಳಿದಳು: "ಜಾರಿ ಬಿದ್ದು ಹಿಂಗಾತೇನು?"

ಮೂರು ವರ್ಷ ಹೇಳಿದ್ದನ್ನೇ ಹೇಳಲು ಬಾಯಿ ತೆರೆದೆ. ಬೇರೆಯದೇ ಬಂತು.

"ಬಿದ್ದಿಲ್ರಿ. ಹೊಡತ ಬಿದ್ದಿತ್ತು."

ಗಂಡನೇ ಹೊಡೆದಿರಬೇಕೆಂದು ಅವಳು ನಿಮ್ಮ ಮಾವನನ್ನು ನೋಡಿದಳು. ಆಗ ಅವನ ಮುಖ ನೀನು ನೋಡಬೇಕಿತ್ತು. "ನಾನಲ್ರಿ," ಎಂದು ಎದ್ದೇ ನಿಂತ.

"ಅವರಲ್ರಿ," ಎಂದೆ. "ಹೊಡದಾಂವ ಸತ್ತಾನ. ಮುಂಬೈದಾಗ, ಸಮುದ್ರದಾಗ ಹೂಳ್ಯಾರ."

ಡಾಕ್ಟರ್‌ಬಾಯಿಯ ಪೆನ್ನು ನಿಂತಿತು. "ಖರೇ ಸತ್ತಾನೇನು? ಯಾರ ಹೇಳಿದ್ರು ನಿಮಗ?"

"ಯಾರೂ ಹೇಳೂದ ಬ್ಯಾಡ್ರಿ," ಎಂದೆ. "ಸಾಕ್ಷಿ ನಾನs ಅದೀನಿ."

ರುದ್ರವ್ವ